ನಮ್ಮ ಬಡಾವಣೆ, ನಮ್ಮ ಮಾತು



ಮನೆಯೆಂದರೆ ನಾಲ್ಕು ಗೋಡೆಗಳು ಮಾತ್ರವಲ್ಲ. ಮುಂದಿನ ರಸ್ತೆ, ಆಟದ ಮೈದಾನ, ನೆರಳು ಕೊಡುವ ಮರ ಎಲ್ಲವೂ ಸೇರಿದರೆ ಬಡಾವಣೆ. ಮಸ್ಕತ್ತಿನ ಕುರುಮ್ ಉದ್ಯಾನದಲ್ಲಿ ಸಂಜೆ ಕಳೆದವರಿಗೆ ತೆರೆದ ಜಾಗದ ಬೆಲೆಯನ್ನು ನಾವು ಹೇಳಿಕೊಡಬೇಕಾಗಿಲ್ಲ. ಅಂತಹ ಜಾಗದಲ್ಲಿ ಕಟ್ಟಡ ಏಳಬೇಕೇ ಬೇಡವೇ ಎಂದು ತೀರ್ಮಾನಿಸುವವರು ಯಾರು? ಅಲ್ಲಿ ವಾಸಿಸುವವರ ಮಾತಿಗೆ ಬೆಲೆಯಿದೆಯೇ? ಬನ್ನಿ, ತಿಳಿಯೋಣ.

ಮಹಾಯೋಜನೆ ಎಂದರೇನು?

ಊರು ಬೆಳೆಯುವಾಗ ಎಲ್ಲಿ ಏನು ಬರಬೇಕೆಂದು ಮೊದಲೇ ನಕ್ಷೆ ತಯಾರಿಸುತ್ತಾರೆ. ವಾಸ, ವಾಣಿಜ್ಯ, ಕೈಗಾರಿಕೆ, ಉದ್ಯಾನ ಎಂದು ವಲಯಗಳನ್ನು ಗುರುತಿಸುತ್ತಾರೆ. ಇದೇ ಮಹಾಯೋಜನೆ. ಕರ್ನಾಟಕದಲ್ಲಿ ಇದಕ್ಕೆ ಆಧಾರ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಯೋಜನೆಯನ್ನು ಪ್ರಕಟಿಸಿ ಜನರ ಅಭಿಪ್ರಾಯ ಕೇಳಬೇಕು. ಮುಂದೆ ಒಂದು ಜಾಗದ ಉಪಯೋಗವನ್ನು ಬದಲಿಸಬೇಕಾದರೆ 14-ಎ ಕಲಮಿನಂತೆ ಆ ಬದಲಾವಣೆ ಸಾರ್ವಜನಿಕ ಹಿತಕ್ಕಾಗಿಯೇ ಇರಬೇಕು. ದಿನಪತ್ರಿಕೆಯಲ್ಲಿ ಪ್ರಕಟಣೆ ನೀಡಿ ಆಕ್ಷೇಪಣೆಗಳನ್ನು ಕರೆಯಬೇಕು.

ಸದಾಶಿವನಗರದ ಉದ್ಯಾನ

ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯನ್ನು ನಾವು ಸದಾಶಿವನಗರವೆಂದೂ ಕರೆಯುತ್ತೇವೆ. ಅಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವೊಂದಿತ್ತು. 1976ರಲ್ಲಿ ಸರ್ಕಾರದ ಆದೇಶದ ಮೇರೆಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಅದನ್ನು ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಒಂದು ಟ್ರಸ್ಟಿಗೆ ಕೊಡಲು ತೀರ್ಮಾನಿಸಿತು. ನಿವಾಸಿಗಳು ಉಚ್ಚ ನ್ಯಾಯಾಲಯಕ್ಕೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರೂ ಧೈರ್ಯಗೆಡಲಿಲ್ಲ. ವಿಭಾಗೀಯ ಪೀಠದಲ್ಲಿ ಗೆದ್ದರು. ಟ್ರಸ್ಟು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ ಅಲ್ಲವೇ ಎಂದು ನೀವು ಕೇಳಬಹುದು. ಅದು ನ್ಯಾಯವಾದ ಪ್ರಶ್ನೆ. ಆದರೆ 1991ರ ಜುಲೈನಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ಪರವಾಗಿಯೇ ತೀರ್ಪು ನೀಡಿತು. ಗಾಳಿ ಬೆಳಕಿನ ತೆರೆದ ಜಾಗಕ್ಕೆ ನರ್ಸಿಂಗ್ ಹೋಮ್ ಬದಲಿಯಾಗದು, ಕಾನೂನಿನ ಕ್ರಮವನ್ನು ಬಿಟ್ಟು ಯೋಜನೆಯನ್ನು ಬದಲಿಸುವಂತಿಲ್ಲ, ಇದನ್ನು ಪ್ರಶ್ನಿಸುವ ಹಕ್ಕು ನಿವಾಸಿಗಳಿಗೆ ಇದೆ ಎಂದಿತು. 'ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ' ಎಂಬ ಈ ಮೊಕದ್ದಮೆಯನ್ನು ಉದ್ಯಾನಗಳ ಉಳಿವಿನ ಮಾತು ಬಂದಾಗಲೆಲ್ಲ ವಕೀಲರು ನೆನೆಯುತ್ತಾರೆ. ಆದರೆ ನ್ಯಾಯ ಸಿಗಲು ಹದಿನೈದು ವರ್ಷ ಬೇಕಾಯಿತು. ಆದ್ದರಿಂದಲೇ ನಕ್ಷೆ ಬದಲಾಗುವ ಮೊದಲೇ ಮಾತಾಡುವುದು ಲೇಸು. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವೇನು?

ಒಮಾನಿನಲ್ಲಿ

ನಾವಿರುವ ಈ ನಾಡಿನಲ್ಲಿಯೂ ಪೌರಮಂಡಳಿಗಳಿವೆ. ದೇಶದಾದ್ಯಂತ ಇವಕ್ಕೆ ಮೊದಲ ಚುನಾವಣೆ ನಡೆದದ್ದು 2012ರ ಡಿಸೆಂಬರಿನಲ್ಲಿ. ಮತ ಹಾಕುವವರು ಒಮಾನಿ ಪ್ರಜೆಗಳು. ಅತಿಥಿಗಳಾದ ನಾವು ಇಲ್ಲಿನ ನಿಯಮಗಳನ್ನು ಗೌರವಿಸೋಣ, ಉದ್ಯಾನ ಕಡಲತೀರಗಳನ್ನು ಸ್ವಚ್ಛವಾಗಿಡೋಣ. ಆದರೆ ಊರಿನಲ್ಲಿ ನಮಗೆ ಮನೆ, ನಿವೇಶನಗಳಿವೆ, ಅಜ್ಜ ಅಜ್ಜಿಯರಿದ್ದಾರೆ. ಅಲ್ಲಿ ನಮ್ಮ ಬೀದಿಯ ಬಗ್ಗೆ ಬಂದ ಪ್ರಕಟಣೆಯನ್ನು ಓದುವುದು ನಮ್ಮ ಕರ್ತವ್ಯ.

ಆಕ್ಷೇಪಣಾ ಪತ್ರ ಬರೆಯುವುದು ಹೇಗೆ?

1. ಪ್ರಕಟಣೆಯ ಸಂಖ್ಯೆ, ದಿನಾಂಕ, ಜಾಗದ ಸರ್ವೆ ನಂಬರನ್ನು ಮೊದಲು ಬರೆಯಿರಿ.
2. ಬದಲಾವಣೆಯಿಂದ ಯಾರಿಗೆ ಏನು ತೊಂದರೆಯೆಂದು ಸ್ಪಷ್ಟವಾಗಿ ತಿಳಿಸಿ: ನೀರು, ಚರಂಡಿ, ವಾಹನ ದಟ್ಟಣೆ, ಮಕ್ಕಳ ಆಟದ ಜಾಗ.
3. ಬೈಗುಳ ಬೇಡ, ಕಾರಣವಿರಲಿ. ಬೇರೆ ಸೂಕ್ತ ಜಾಗ ಗೊತ್ತಿದ್ದರೆ ಸೂಚಿಸಿ.
4. ನೆರೆಹೊರೆಯವರ ಸಹಿ ಪಡೆದು ಗಡುವಿನೊಳಗೆ ಸಲ್ಲಿಸಿ, ಸ್ವೀಕೃತಿಯನ್ನು ಕೇಳಿ ಪಡೆಯಿರಿ.

ಅಭ್ಯಾಸ: ನಿಮ್ಮೂರಿನ ಆಟದ ಮೈದಾನವನ್ನು ವಾಣಿಜ್ಯ ವಲಯವಾಗಿಸುವ ಪ್ರಕಟಣೆ ಬಂದಿದೆ ಎಂದು ಭಾವಿಸಿ, ಯೋಜನಾ ಪ್ರಾಧಿಕಾರದ ಆಯುಕ್ತರಿಗೆ ಒಂದು ಪತ್ರ ಬರೆಯಿರಿ. ಬರೆದ ಮೇಲೆ ಅಮ್ಮ ಅಪ್ಪನಿಗೆ ಓದಿ ಹೇಳಿ. ಅವರು ಆಡಿ ಬೆಳೆದ ಮೈದಾನ ಈಗ ಏನಾಗಿದೆಯೆಂದು ಕೇಳಿ.