ಕೊನ್ನಾರಿ ಗಡ್ಡೆ: ಗುಣವೂ ಮಿತಿಯೂ

ಗದ್ದೆಯ ಬದು, ಕೆರೆ-ಕಾಲುವೆಗಳ ದಡದಲ್ಲಿ ಹುಲ್ಲಿನಂತೆ ಬೆಳೆಯುವ ಜೇಕನ್ನು ನೀವು ನೋಡಿರುತ್ತೀರಿ. ಕಾಂಡವನ್ನು ಬೆರಳುಗಳ ನಡುವೆ ಉರುಳಿಸಿ ನೋಡಿ. ಹುಲ್ಲಿನಂತೆ ದುಂಡಗಿರದೆ ಮೂರು ಮೂಲೆ ತಾಗುತ್ತದೆ. ಇದರ ಒಂದು ಜಾತಿಯ ಪರಿಮಳದ ಗಡ್ಡೆಯೇ ಕೊನ್ನಾರಿ, ಆಯುರ್ವೇದದ ಮುಸ್ತಾ. ಜ್ವರದ ಬಾಯಾರಿಕೆಗೆ ಕೊಡುವ ಷಡಂಗ ಪಾನೀಯದ ಆರು ದ್ರವ್ಯಗಳಲ್ಲಿ ಇದೂ ಒಂದು.

ಭೇದಿಗೂ ಇದರ ಕಷಾಯ ರೂಢಿಯಲ್ಲಿದೆ. ಆದರೆ ಮಗುವಿಗೆ ಭೇದಿಯಾದಾಗ ಕಷಾಯವನ್ನೇ ನಂಬಿ ಕೂರಬೇಡಿ. ದೇಹದ ನೀರು ಬತ್ತುವುದೇ ದೊಡ್ಡ ಅಪಾಯ. ಮೊದಲು ಓಆರ್‌ಎಸ್ ಕೊಡಿ. ಅದು ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿ. ಎದೆಹಾಲು ನಿಲ್ಲಿಸಬೇಡಿ. ಕಣ್ಣು ಗುಳಿಬಿದ್ದರೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ.