ಬಿಡಿಸುವ ಮಾತು, ಅಗಲುವ ಮಾತು

ಒಂದೇ ಅರ್ಥವನ್ನು ಕೊಡುವ ಶಬ್ದಗಳನ್ನು ಸಮಾನಾರ್ಥಕ ಪದಗಳೆಂದು ಕರೆಯುವುದು ವಾಡಿಕೆ. ಆದರೆ ಸೂಕ್ಷ್ಮವಾಗಿ ವಿಚಾರಿಸಿದರೆ, ಎಲ್ಲ ವಿಧದಲ್ಲಿಯೂ ಸಮಾನವಾದ ಎರಡು ಶಬ್ದಗಳು ದೊರೆಯುವುದು ಅಪರೂಪ. ಕೂಡಿಕೊಂಡಿದ್ದ ವಸ್ತುಗಳು ಬೇರೆಯಾಗುವುದನ್ನು ಹೇಳುವ ಕ್ರಿಯಾಪದಗಳಲ್ಲಿ ಈ ಸಂಗತಿಯು ಚೆನ್ನಾಗಿ ಕಂಡುಬರುತ್ತದೆ.

ಇಂಗ್ಲಿಷ್ ಪಾಠಗಳಲ್ಲಿ ‘ಸೆಪರೇಟ್’, ‘ಡಿಟ್ಯಾಚ್’, ‘ಸೆವರ್’, ‘ಟೇರ್’, ‘ಪೀಲ್’, ‘ಎಕ್ಸ್‌ಟ್ರಾಕ್ಟ್’ ಎಂಬ ಕ್ರಿಯಾಪದಗಳು ಬರುತ್ತವೆ. ಕನ್ನಡಕ್ಕೆ ತರುವಾಗ ಇವೆಲ್ಲಕ್ಕೂ ‘ಬೇರ್ಪಡಿಸು’ ಎಂಬ ಒಂದೇ ಮಾತನ್ನು ಬರೆದು ಮುಗಿಸುವ ವಿದ್ಯಾರ್ಥಿಗಳುಂಟು. ಆದರೆ ಇಂಗ್ಲಿಷಿನವರು ಇವುಗಳನ್ನು ಒಂದೆಂದು ತಿಳಿಯುವುದಿಲ್ಲ. ‘ಸೆಪರೇಟ್’ ಮತ್ತು ‘ಸೆವರ್’ ಎರಡೂ ಲ್ಯಾಟಿನ್ ಭಾಷೆಯ ಒಂದೇ ಮೂಲದಿಂದ ಹುಟ್ಟಿದವು. ಆದರೂ ಇಂದು ಮೊದಲನೆಯದು ಬೇರೆ ಬೇರೆಯಾಗಿ ಇಡುವುದನ್ನೂ, ಎರಡನೆಯದು ಕಡಿದು ಹಾಕುವುದನ್ನೂ ಸೂಚಿಸುತ್ತವೆ. ‘ಎಕ್ಸ್‌ಟ್ರಾಕ್ಟ್’ ಎಂಬುದರ ಮೂಲಾರ್ಥ ಹೊರಕ್ಕೆ ಎಳೆಯುವುದು. ನಮ್ಮಲ್ಲಿ ಹಲ್ಲನ್ನು ಕೀಳುತ್ತಾರೆ, ಹಣ್ಣಿನ ಸಿಪ್ಪೆಯನ್ನು ಸುಲಿಯುತ್ತಾರೆ, ಬಟ್ಟೆಯನ್ನು ಹರಿಯುತ್ತಾರೆ, ಸೌದೆಯನ್ನು ಸೀಳುತ್ತಾರೆ, ಕೊಂಡಿಯನ್ನು ಕಳಚುತ್ತಾರೆ, ಗಂಟನ್ನು ಬಿಚ್ಚುತ್ತಾರೆ. ಹಲ್ಲನ್ನು ಸುಲಿದರೆಂದಾಗಲಿ ಗಂಟನ್ನು ಸೀಳಿದರೆಂದಾಗಲಿ ಯಾರೂ ಹೇಳುವುದಿಲ್ಲ.

ಇಂತಹ ಮಾತುಗಳು ಹುಟ್ಟಿದ್ದು ದುಡಿಮೆಯಲ್ಲಿ. ಕಲಬುರಗಿ ಜಿಲ್ಲೆಯು ತೊಗರಿಗೆ ಹೆಸರಾದುದು. ಅಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದ ಸೀಮೆಯಲ್ಲಿಯೂ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿಯೂ ತೊಗರಿಯು ಮುಂಗಾರಿನಲ್ಲಿ ಬಿತ್ತಿ ಚಳಿಗಾಲದಲ್ಲಿ ರಾಶಿ ಮಾಡುವ ಬೆಳೆ. ಹೊಲದಿಂದ ಅಡಿಗೆಯ ಮನೆಯವರೆಗೆ ಈ ಕಾಳು ಮಾಡುವ ಪ್ರಯಾಣವೆಲ್ಲ ಬಿಡುಗಡೆಗಳ ಸರಮಾಲೆಯೇ ಆಗಿದೆ.

ಮೊದಲು ಗಿಡವನ್ನು ಕುಡಗೋಲಿನಿಂದ ಕೊಯ್ಯುತ್ತಾರೆ. ಒಣಗಿದ ಗಿಡವನ್ನು ಕಣದಲ್ಲಿ ಬಡಿದಾಗ ಕಾಯಿ ಬಿರಿದು ಕಾಳು ಉದುರುತ್ತದೆ. ಹೊಟ್ಟು ಬೆರೆತ ಕಾಳನ್ನು ಗಾಳಿಗೆ ತೂರುತ್ತಾರೆ; ಹಗುರವಾದ ಹೊಟ್ಟು ದೂರ ಹಾರಿ, ತೂಕದ ಕಾಳು ಹತ್ತಿರದಲ್ಲಿಯೇ ಬೀಳುತ್ತದೆ. ಅನಂತರ ಮೊರದಲ್ಲಿ ಕೇರುತ್ತಾರೆ. ಜರಡಿಯಲ್ಲಿ ಸಾಣಿಸುತ್ತಾರೆ. ಉಳಿದ ಹರಳನ್ನು ಬೆರಳಿನಿಂದ ಆರಿಸುತ್ತಾರೆ. ತೊಗರಿಯ ಸಿಪ್ಪೆಯು ಒಳಗಿನ ಬೇಳೆಗೆ ಅಂಟಿನಿಂದ ಬಿಗಿಯಾಗಿ ಹತ್ತಿಕೊಂಡಿರುತ್ತದೆ. ಆದುದರಿಂದ ಕಾಳಿಗೆ ನೀರನ್ನೋ ಎಣ್ಣೆಯನ್ನೋ ಉಣಿಸಿ, ಒಣಗಿಸಿ, ಆ ಅಂಟನ್ನು ಸಡಿಲಿಸುತ್ತಾರೆ. ಕೊನೆಗೆ ಬೀಸುವ ಕಲ್ಲಿನಲ್ಲಿ ಬೇಳೆ ಒಡೆಯುತ್ತಾರೆ.

ಇಲ್ಲಿ ತೂರುವುದು ಗಾಳಿಯ ನೆರವಿನಿಂದ, ಕೇರುವುದು ಮಣಿಕಟ್ಟಿನ ಚಳಕದಿಂದ, ಸಾಣಿಸುವುದು ಜರಡಿಯ ಕಣ್ಣಿನಿಂದ, ಆರಿಸುವುದು ಮನುಷ್ಯನ ಕಣ್ಣಿನಿಂದ. ಪ್ರತಿಯೊಂದು ಹಂತದಲ್ಲಿಯೂ ‘ಬೇರ್ಪಡಿಸಿದರು’ ಎಂದು ಬರೆದರೆ ಅದು ಸುಳ್ಳಲ್ಲ. ಆದರೆ ಓದುವವರ ಕಣ್ಣಿಗೆ ಏನೂ ಕಾಣಿಸುವುದಿಲ್ಲ. ಈಗ ಅನೇಕ ಕಡೆಗಳಲ್ಲಿ ರಾಶಿಯ ಕೆಲಸವನ್ನು ಯಂತ್ರವೇ ಮಾಡುತ್ತದೆ. ದೇಹದ ಶ್ರಮ ಕಡಿಮೆಯಾದುದು ಒಳ್ಳೆಯದೇ. ಆದರೆ ಕೈಯ ಕೆಲಸ ನಿಂತಾಗ ಅದರ ಮಾತೂ ಮೆಲ್ಲಗೆ ಮರೆಯಾಗುತ್ತದೆ. ಅದನ್ನು ಉಳಿಸಿಕೊಳ್ಳುವ ಹೊಣೆ ಬರೆಯುವವರದು, ಓದುವವರದು.

ಕಣದಲ್ಲಿ ಹುಟ್ಟಿದ ಮಾತು ಕಣದಲ್ಲಿಯೇ ನಿಲ್ಲುವುದಿಲ್ಲ. ಸುಲಿಯುವುದರಿಂದ ‘ಸುಲಿಗೆ’ ಬಂದಿತು; ಸಿಪ್ಪೆಯನ್ನು ಸುಲಿಯುವಂತೆ ಬಡವನಿಂದ ಎಲ್ಲವನ್ನೂ ಕಸಿಯುವುದೇ ಸುಲಿಗೆ. ಒಡೆಯುವುದರಿಂದ ‘ಒಡಕು’ ಬಂದಿತು. ಅದು ಗಡಿಗೆಯಲ್ಲಿಯೂ ಇರಬಹುದು, ಮನೆತನದಲ್ಲಿಯೂ ಇರಬಹುದು. ಬಿಡುವುದರಿಂದ ‘ಬಿಡುಗಡೆ’ ಬಂದಿತು. ಅಗಲುವುದರಿಂದ ‘ಅಗಲಿಕೆ’ ಬಂದಿತು. ‘ಅಗಲು’ ಮತ್ತು ‘ಅಗಲ’ ಎಂಬ ಶಬ್ದಗಳು ಒಂದೇ ಕುಲದವು. ಇಬ್ಬರ ನಡುವೆ ಹರವು ಹೆಚ್ಚುವುದೇ ಅಗಲಿಕೆ. ಅದಕ್ಕೆಂದೇ ಈ ಮಾತಿನಲ್ಲಿ ನೋವಿನ ಛಾಯೆಯಿದೆ. ಕಾಳು ಹೊಟ್ಟನ್ನು ಅಗಲುವುದಿಲ್ಲ. ಮಗಳು ತವರನ್ನು ಅಗಲುತ್ತಾಳೆ.

ಈ ಸೀಮೆಯ ಚರಿತ್ರೆಯನ್ನು ಹೇಳುವಾಗಲೂ ಇಂತಹ ಎರಡು ಮಾತುಗಳು ಬರುತ್ತವೆ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದಿನ ನಿಜಾಮನ ಆಳ್ವಿಕೆ ಕೊನೆಗೊಂಡುದನ್ನು ‘ವಿಮೋಚನೆ’ ಎಂದು ಕರೆದರು. ಕಟ್ಟಿನಿಂದ ಬಿಡುಗಡೆ ಹೊಂದುವುದೆಂದು ಅದರ ಅರ್ಥ. 1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆಯು ಹೈದರಾಬಾದ್ ರಾಜ್ಯದಿಂದ ಬೇರ್ಪಟ್ಟು ಮೈಸೂರು ರಾಜ್ಯವನ್ನು ಸೇರಿದುದು ರಾಜ್ಯ ‘ಪುನರ್ವಿಂಗಡಣೆ’ಯಿಂದ. ವಿಂಗಡಿಸುವುದೆಂದರೆ ಹರಿದು ಹಾಕುವುದಲ್ಲ. ಆಯಾ ಜಾತಿಯದನ್ನು ಆಯಾ ರಾಶಿಗೆ ಸೇರಿಸುವುದು. ಒಂದು ಕಡೆಯಿಂದ ನೋಡಿದರೆ ಅದು ಬೇರ್ಪಡುವಿಕೆ, ಇನ್ನೊಂದು ಕಡೆಯಿಂದ ನೋಡಿದರೆ ಕನ್ನಡಿಗರ ಏಕೀಕರಣ.

ಸರಿಯಾದ ಕ್ರಿಯಾಪದವನ್ನು ಆರಿಸುವುದು ಕೇವಲ ಸೊಗಸಿನ ಮಾತಲ್ಲ. ಅದು ನ್ಯಾಯದ ಮಾತೂ ಹೌದು. ‘ರೈತನು ಭೂಮಿಯನ್ನು ಬಿಟ್ಟುಕೊಟ್ಟನು’, ‘ರೈತನ ಭೂಮಿ ಕೈಬಿಟ್ಟಿತು’, ‘ರೈತನಿಂದ ಭೂಮಿಯನ್ನು ಕಿತ್ತುಕೊಂಡರು’ ಎಂಬ ಮೂರು ವಾಕ್ಯಗಳನ್ನು ಗಮನಿಸಿರಿ. ಮೂರರಲ್ಲಿಯೂ ಭೂಮಿ ರೈತನಿಂದ ದೂರವಾಗಿದೆ. ಆದರೆ ಮೊದಲನೆಯದರಲ್ಲಿ ಅವನ ಒಪ್ಪಿಗೆಯಿದೆ, ಎರಡನೆಯದರಲ್ಲಿ ಯಾರ ಹೊಣೆಯೂ ಕಾಣುವುದಿಲ್ಲ, ಮೂರನೆಯದರಲ್ಲಿ ಬಲಾತ್ಕಾರವಿದೆ. ನಾಳೆ ನೀವು ನೆರೆಯವರಿಗಾಗಿ ಒಂದು ಅರ್ಜಿಯನ್ನು ಬರೆಯಬೇಕಾಗಿ ಬಂದಾಗ, ಆ ಒಂದು ಕ್ರಿಯಾಪದವೇ ಅವರ ಪರವಾಗಿಯೋ ವಿರುದ್ಧವಾಗಿಯೋ ಸಾಕ್ಷಿ ನುಡಿಯುವುದು. ತೊಗರಿಯಲ್ಲಿ ಹರಳನ್ನು ಆರಿಸುವಷ್ಟೇ ಎಚ್ಚರಿಕೆಯಿಂದ ಮಾತನ್ನೂ ಆರಿಸಬೇಕು.

ಅಭ್ಯಾಸ

1. ತೂರು, ಕೇರು, ಸಾಣಿಸು, ಆರಿಸು: ಇವುಗಳಲ್ಲಿರುವ ಅರ್ಥಭೇದವನ್ನು ತಿಳಿಸಿರಿ.
2. ‘ಕಾಳು ಹೊಟ್ಟನ್ನು ಅಗಲುವುದಿಲ್ಲ’ ಎಂದು ಲೇಖಕರು ಹೇಳಲು ಕಾರಣವೇನು?
3. 1956ರ ಘಟನೆಯನ್ನು ಬೇರ್ಪಡುವಿಕೆಯೆಂದೂ ಏಕೀಕರಣವೆಂದೂ ಹೇಳಬಹುದು. ಹೇಗೆ?
4. ಕೀಳು, ಕಳಚು, ಹರಿ, ತೊರೆ: ಇವುಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿರಿ.
5. ನಿಮ್ಮ ಮನೆಯ ಹಿರಿಯರನ್ನು ಕೇಳಿ, ಅವರ ಕಸುಬಿನಲ್ಲಿ ಬಳಕೆಯಿರುವ ಇಂತಹ ಐದು ಕ್ರಿಯಾಪದಗಳನ್ನು ಅರ್ಥಸಹಿತ ಬರೆಯಿರಿ.