ಬಪ್ಪು ಅವರ ಕನ್ನಡಿ, ಶಹಾಬಾದಿನ ಕಲ್ಲು: ಒಂದು ಬೋಧನಾಭ್ಯಾಸದ ಅನುಭವ

ಚಿಂಚೋಳಿಯ ಪ್ರೌಢಶಾಲೆಯೊಂದರಲ್ಲಿ ಹತ್ತನೇ ತರಗತಿಗೆ ‘ನಿಮ್ನ ದರ್ಪಣದ ಉಪಯೋಗಗಳು’ ಎಂಬ ಪಾಠವನ್ನು ಬೋಧನಾಭ್ಯಾಸಕ್ಕೆ ಆರಿಸಿಕೊಂಡಿದ್ದೆ. ದೂರದರ್ಶಕದ ಮಾತು ಬಂದಾಗ ಖಗೋಳವಿಜ್ಞಾನಿ ಎಂ.ಕೆ. ವೈನು ಬಪ್ಪು ಅವರ ಜೀವನವನ್ನು ಪರಿಚಯಿಸುವುದು ನನ್ನ ಪಾಠಯೋಜನೆ.

1927ರಲ್ಲಿ ಜನನ. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿದ್ದರು. 1949ರಲ್ಲಿ ಹಾರ್ವರ್ಡ್‌ ವಿದ್ಯಾರ್ಥಿಯಾಗಿ ಧೂಮಕೇತುವಿನ ಶೋಧ, 1957ರಲ್ಲಿ ವಿಲ್ಸನ್–ಬಪ್ಪು ಪರಿಣಾಮ, 1971ರಲ್ಲಿ ಭಾರತೀಯ ಖಭೌತ ಸಂಸ್ಥೆಯ ಸ್ಥಾಪನೆ. ಇಸವಿಗಳನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತಾ ಹೋದೆ. ಮಕ್ಕಳು ಬರೆದುಕೊಂಡರು. ಒಂದು ಪ್ರಶ್ನೆಯೂ ಬರಲಿಲ್ಲ.

ಕೊನೆಗೆ, ಬಪ್ಪು ಅವರು ತಮಿಳುನಾಡಿನ ಕಾವಲೂರಿಗಾಗಿ ಯೋಜಿಸಿದ 2.34 ಮೀಟರ್ ಕನ್ನಡಿಯನ್ನು ಬೆಂಗಳೂರಿನ ಪ್ರಯೋಗಾಲಯದಲ್ಲೇ ಉಜ್ಜಿ ನುಣುಪು ಮಾಡಿದರು ಎಂದೆ. ಎಂದೂ ಮಾತನಾಡದ ಹುಡುಗನೊಬ್ಬ ಹಿಂದಿನ ಬೆಂಚಿನಿಂದ ಎದ್ದ.

“ಸರ್, ನಮ್ಮಪ್ಪ ಶಹಾಬಾದ್ ಕಲ್ಲಿಗಿ ಪಾಲಿಶ್ ಹೊಡಿತಾನ್ರಿ. ಮೊದಲ ಒರಟು ಕಲ್ಲಿಲೆ ತಿಕ್ಕತಾರ, ಆಮ್ಯಾಗ ಸಣ್ಣದ್ರಲೆ. ಕನ್ನಡಿನೂ ಹಂಗೇ ಏನ್ರಿ?”

ನನಗೆ ಗೊತ್ತಿರಲಿಲ್ಲ. “ನಾಳೆ ಹೇಳ್ತೀನಿ” ಎಂದು ಕುಳ್ಳಿರಿಸಿದೆ. ಆ ರಾತ್ರಿ ಓದಿದಾಗ ತಿಳಿಯಿತು, ಹುಡುಗನ ಮಾತು ಸರಿ. ಗಾಜನ್ನೂ ಮೊದಲು ದಪ್ಪ ಪುಡಿ, ನೀರು ಹಾಕಿ ಉಜ್ಜುತ್ತಾರೆ, ಆಮೇಲೆ ಹಂತ ಹಂತವಾಗಿ ನಯವಾದ ಪುಡಿ. ಕಡೆಗೆ ಅಲ್ಯುಮಿನಿಯಂ ಲೇಪ.

ಮರುದಿನ ಆ ಹುಡುಗನನ್ನೇ ಮುಂದೆ ಕರೆದು ವಿವರಿಸಲು ಹೇಳಿದೆ. ವ್ಯತ್ಯಾಸವನ್ನಷ್ಟೇ ನಾನು ಸೇರಿಸಿದೆ: ಕಲ್ಲು ಸಪಾಟಾದರೆ ಸಾಕು, ಕನ್ನಡಿ ನಡುವೆ ಲೆಕ್ಕದಂತೆ ತಗ್ಗಾಗಬೇಕು. ಬೆಳಕಿನ ತರಂಗದೂರ ಸುಮಾರು 0.0005 ಮಿಲಿಮೀಟರ್, ಕನ್ನಡಿಯ ಮೈಯ ದೋಷ ಅದಕ್ಕಿಂತಲೂ ಬಹಳ ಕಡಿಮೆ ಇರಬೇಕು. ಕೈಗೆ ತಿಳಿಯದ ಈ ದೋಷವನ್ನು ಬೆಳಕಿನಿಂದಲೇ ಪರೀಕ್ಷಿಸುತ್ತಾರೆ. “ಅಪ್ಪನೂ ಬೆಳಕಿಗಿ ಹಿಡಿದೇ ಗೀರು ನೋಡ್ತಾನ್ರಿ” ಎಂದ ಹುಡುಗ.

ಇಷ್ಟು ದೊಡ್ಡ ಕನ್ನಡಿ ಏಕೆ? ಮಳೆಯಲ್ಲಿ ತಂಬಿಗೆ, ಪರಾತ ಎರಡನ್ನೂ ಇಟ್ಟರೆ ಯಾವುದರಲ್ಲಿ ಹೆಚ್ಚು ನೀರು ಬೀಳುತ್ತದೆ ಎಂದು ಕೇಳಿದೆ. ಕಾವಲೂರಿನ ಕೆಲಸ 1968ರಲ್ಲಿ ಶುರುವಾದದ್ದು 38 ಸೆಂಟಿಮೀಟರ್ ದೂರದರ್ಶಕದಿಂದ. ವ್ಯಾಸಗಳ ವರ್ಗ ತೆಗೆದು ಮಕ್ಕಳೇ ಲೆಕ್ಕ ಹಾಕಿದರು: ಹೊಸ ಕನ್ನಡಿ ಸುಮಾರು 38 ಪಟ್ಟು ಬೆಳಕು ಹಿಡಿಯುತ್ತದೆ.

ಬಪ್ಪು 1982ರ ಆಗಸ್ಟ್‌ನಲ್ಲಿ ತೀರಿಕೊಂಡರು. ದೂರದರ್ಶಕ ಆಗ ಪೂರ್ಣವಾಗಿರಲಿಲ್ಲ. 1986ರ ಜನವರಿಯಲ್ಲಿ ಅದಕ್ಕೆ ಅವರ ಹೆಸರಿಟ್ಟರು. “ಅವರು ಅದರಾಗ ನೋಡಲೇ ಇಲ್ಲೇನ್ರಿ?” ಎಂದು ಹುಡುಗಿಯೊಬ್ಬಳು ಕೇಳಿದಳು. ಇಲ್ಲ ಎಂದೆ. ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು.

ವಿಜ್ಞಾನಿಯ ಜೀವನವನ್ನು ಇಸವಿಗಳಿಂದ ಆರಂಭಿಸಿದ್ದು ನನ್ನ ತಪ್ಪು. ಅವರು ಮಾಡಿದ ಕೆಲಸದಿಂದ ಆರಂಭಿಸಿದ್ದರೆ ಆ ಹುಡುಗನ ಪ್ರಶ್ನೆ ಮೊದಲ ಹತ್ತು ನಿಮಿಷದಲ್ಲೇ ಬರುತ್ತಿತ್ತು. ಪರಿಷ್ಕರಿಸಿದ ಪಾಠಯೋಜನೆಯಲ್ಲಿ ಪೀಠಿಕೆಗೆ ಎರಡು ತುಂಡು ಶಹಾಬಾದ್ ಕಲ್ಲು ಸೇರಿಸಿದ್ದೇನೆ: ಒಂದು ಒರಟು, ಒಂದು ಪಾಲಿಶ್ ಆದದ್ದು.